ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು: ಕ್ಯಾಶುವಲ್ಟಿಯ ಬಾಗಿಲಲ್ಲಿ ನಡೆಯುವ ಸಂಶೋಧನೆ



ವೈದ್ಯಕೀಯ ಸಂಶೋಧನೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಗಾಜಿನ ನಳಿಕೆ, ಸೂಕ್ಷ್ಮದರ್ಶಕ, ಸದ್ದಿಲ್ಲದ ಪ್ರಯೋಗಾಲಯ. ಆದರೆ ಸಂಶೋಧನೆಯ ಒಂದು ದೊಡ್ಡ ಪಾಲು ನಡೆಯುವುದು ಸದ್ದುಗದ್ದಲದ ನಡುವೆ. ಆಂಬುಲೆನ್ಸಿನಿಂದ ಇಳಿಸಿದ ಸ್ಟ್ರೆಚರ್, ಓಡಾಡುವ ವಾರ್ಡ್‌ಬಾಯ್, ಅಳುವ ಬಂಧುಗಳು, ಪೊಲೀಸರ ಪ್ರಶ್ನೆ - ಇವೆಲ್ಲದರ ಮಧ್ಯೆ. ಅಂದರೆ ದೊಡ್ಡ ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗದಲ್ಲಿ, ನಾವೆಲ್ಲ ಕ್ಯಾಶುವಲ್ಟಿ ಎಂದು ಕರೆಯುವ ಜಾಗದಲ್ಲಿ.

ಈ ಸಲದ ಪತ್ರಿಕೆಗೆ ಈ ವಿಷಯ ಯಾಕೆ ಎನ್ನುತ್ತೀರಾ? ಮುಂಬೈಯಂಥ ಊರಿನಲ್ಲಿ ನಮ್ಮ ಜನ ಬದುಕುವ ರೀತಿಯೇ ಅದಕ್ಕೆ ಕಾರಣ. ಅಪ್ಪ ಅಮ್ಮ ಊರಿನಲ್ಲಿ, ಮಗ ಇಲ್ಲಿ. ರಾತ್ರಿ ರಸ್ತೆಯಲ್ಲೋ ರೈಲ್ವೆ ಹಳಿಯ ಪಕ್ಕದಲ್ಲೋ ಏನಾದರೂ ಆದರೆ ಆಸ್ಪತ್ರೆಗೆ ಕರೆದೊಯ್ಯುವವನು ರೂಮಿನ ಜೊತೆಗಾರ, ಹೋಟೆಲಿನ ಸಹೋದ್ಯೋಗಿ, ಇಲ್ಲವೇ ಪಕ್ಕದ ಮನೆಯವರು. ಅಲ್ಲಿ ಡಾಕ್ಟರು ಒಂದು ಕಾಗದ ಹಿಡಿದು ಬಂದು, "ಇಲ್ಲೊಂದು ಅಧ್ಯಯನ ನಡೆಯುತ್ತಿದೆ, ರೋಗಿಯನ್ನು ಸೇರಿಸಿಕೊಳ್ಳಬಹುದೇ?" ಎಂದು ಕೇಳಿದರೆ ನಮಗೆ ಮೊದಲು ಹೊಳೆಯುವ ಮಾತು ಒಂದೇ: "ನಮ್ಮವನ ಮೇಲೆ ಪ್ರಯೋಗ ಮಾಡಬೇಡಿ ಸ್ವಾಮಿ, ಗೊತ್ತಿರುವ ಚಿಕಿತ್ಸೆ ಕೊಡಿ ಸಾಕು."

ಮಾತು ಸಹಜವೇ. ಆದರೆ "ಗೊತ್ತಿರುವ ಚಿಕಿತ್ಸೆ" ಎನ್ನುವುದು ನಿಜವಾಗಿಯೂ ಎಷ್ಟರ ಮಟ್ಟಿಗೆ ಗೊತ್ತಿರುತ್ತದೆ? ಈ ಪ್ರಶ್ನೆಗೆ ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಸಿಕ್ಕ ಉತ್ತರ ಸ್ವಲ್ಪ ಬೆಚ್ಚಿಬೀಳಿಸುವಂಥದು. ನಾನು ಓದಿದ್ದು ಕನ್ನಡ ಬಿ.ಎ., ವೈದ್ಯಶಾಸ್ತ್ರವಲ್ಲ. ಆದ್ದರಿಂದ ನಮ್ಮ ನಿಮ್ಮ ಮಾತಿನಲ್ಲೇ ಹೇಳುತ್ತೇನೆ.

ಎಲ್ಲರೂ ನಂಬಿದ್ದ ಒಂದು ಮದ್ದು

ತಲೆಗೆ ಬಲವಾದ ಪೆಟ್ಟು ಬಿದ್ದಾಗ ಒಳಗೆ ಮಿದುಳು ಊದಿಕೊಳ್ಳುತ್ತದೆ. ಕಾಲು ಊದಿದರೆ ಚರ್ಮ ಹಿಗ್ಗುತ್ತದೆ, ಆದರೆ ತಲೆಬುರುಡೆ ಹಿಗ್ಗುವುದಿಲ್ಲ. ಒಳಗಿನ ಒತ್ತಡ ಏರಿ ಮಿದುಳಿಗೆ ರಕ್ತ ಹರಿಯುವುದು ಕಡಿಮೆಯಾಗುತ್ತದೆ, ಪ್ರಾಣಕ್ಕೆ ಕುತ್ತು ಬರುತ್ತದೆ. ಹಾಗಾದರೆ ಊತ ಇಳಿಸುವ ಮದ್ದು ಕೊಡಬೇಕು ಎನ್ನುವುದು ಯಾರಿಗಾದರೂ ಒಪ್ಪಿಗೆಯಾಗುವ ತರ್ಕ. ಸ್ಟೀರಾಯ್ಡ್ ಊತ ಇಳಿಸುತ್ತದೆ. ಮಿದುಳಿನ ಗಡ್ಡೆಯ ಸುತ್ತಲಿನ ಊತ ಇದರಿಂದ ಇಳಿಯುವುದನ್ನು ವೈದ್ಯರು ಕಣ್ಣಾರೆ ಕಂಡಿದ್ದರು. ಹೀಗಾಗಿ ಸುಮಾರು ಮೂವತ್ತು ವರ್ಷ ಕಾಲ ಜಗತ್ತಿನ ಎಷ್ಟೋ ಆಸ್ಪತ್ರೆಗಳಲ್ಲಿ ತಲೆಗೆ ಪೆಟ್ಟಾದವರಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಿದ್ದರು. ಕೊಟ್ಟವರು ಅಜ್ಞಾನಿಗಳಲ್ಲ, ಕೆಟ್ಟವರೂ ಅಲ್ಲ. ಒಳ್ಳೆಯದಾಗಲಿ ಎಂದೇ ಕೊಟ್ಟರು.

ಈ ಮದ್ದನ್ನು ಪರೀಕ್ಷಿಸಲು ಆಗಲೇ ಕೆಲವು ಅಧ್ಯಯನಗಳು ನಡೆದಿದ್ದವು. ಆದರೆ ಅವೆಲ್ಲ ಚಿಕ್ಕವು, ಎಲ್ಲವನ್ನೂ ಒಟ್ಟು ಸೇರಿಸಿದರೂ ಉತ್ತರ ಸ್ಪಷ್ಟವಿರಲಿಲ್ಲ. ಆಗ ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್ ಸಂಸ್ಥೆಯ ಇಯಾನ್ ರಾಬರ್ಟ್ಸ್ ಮತ್ತು ಸಂಗಡಿಗರು ಒಂದು ದೊಡ್ಡ ಅಧ್ಯಯನಕ್ಕೆ ಕೈಹಾಕಿದರು. ಹೆಸರು ಕ್ರ್ಯಾಶ್. 1999ರಲ್ಲಿ ಆರಂಭವಾದ ಇದರಲ್ಲಿ 49 ದೇಶಗಳ 239 ಆಸ್ಪತ್ರೆಗಳು ಸೇರಿದವು. ಪೆಟ್ಟಾಗಿ ಎಂಟು ಗಂಟೆಯೊಳಗೆ ಬಂದ ರೋಗಿಗಳಲ್ಲಿ ಅರ್ಧದಷ್ಟು ಜನಕ್ಕೆ ಸ್ಟೀರಾಯ್ಡ್, ಉಳಿದರ್ಧಕ್ಕೆ ನೋಡಲು ಹಾಗೆಯೇ ಇರುವ, ಆದರೆ ಮದ್ದಿಲ್ಲದ ಡ್ರಿಪ್. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದ ಹಾಗೆ ತೀರ್ಮಾನ. ಉಳಿದ ಎಲ್ಲ ಚಿಕಿತ್ಸೆ ಇಬ್ಬರಿಗೂ ಎಂದಿನಂತೆ.

20,000 ರೋಗಿಗಳನ್ನು ಸೇರಿಸಿಕೊಳ್ಳುವ ಯೋಜನೆ ಇತ್ತು. ಆದರೆ 2004ರ ಮೇ ತಿಂಗಳಲ್ಲಿ, 10,008 ರೋಗಿಗಳಾಗುವಷ್ಟರಲ್ಲಿ ಅಧ್ಯಯನವನ್ನೇ ನಿಲ್ಲಿಸಬೇಕಾಯಿತು. ಯಾಕೆಂದರೆ ಎರಡು ವಾರದೊಳಗೆ ತೀರಿಕೊಂಡವರ ಲೆಕ್ಕ ಹೀಗಿತ್ತು: ಸ್ಟೀರಾಯ್ಡ್ ಪಡೆಯದವರಲ್ಲಿ ನೂರಕ್ಕೆ 17.9, ಪಡೆದವರಲ್ಲಿ ನೂರಕ್ಕೆ 21.1. ಪ್ರಾಣ ಉಳಿಸುತ್ತದೆ ಎಂದು ಕೊಟ್ಟ ಮದ್ದೇ ಪ್ರಾಣ ತೆಗೆಯುತ್ತಿತ್ತು.

ಕಣ್ಣಿಗೆ ಕಾಣದ ಲೆಕ್ಕ

ಮೂವತ್ತು ವರ್ಷ ಇದು ಯಾರ ಗಮನಕ್ಕೂ ಬರಲಿಲ್ಲವೇ? ಇದು ನ್ಯಾಯವಾದ ಪ್ರಶ್ನೆ. ಉತ್ತರ ಲೆಕ್ಕದಲ್ಲೇ ಇದೆ.

ಮೇಲಿನ ಅಂಕಿಗಳನ್ನು ಸಾವಿರಕ್ಕೆ ಹಾಕಿ ನೋಡಿ. ಮದ್ದಿಲ್ಲದ ಸಾವಿರ ಜನರಲ್ಲಿ 179 ಸಾವು, ಮದ್ದು ಪಡೆದ ಸಾವಿರ ಜನರಲ್ಲಿ 211 ಸಾವು. ವ್ಯತ್ಯಾಸ 32. ಈಗ ಒಬ್ಬ ಅನುಭವಿ ವೈದ್ಯರನ್ನು ಊಹಿಸಿಕೊಳ್ಳಿ. ಅವರ ಕೈಕೆಳಗೆ ವರ್ಷಕ್ಕೆ ಇಂಥ ನೂರು ರೋಗಿಗಳು ಬಂದರು ಎನ್ನಿ. ಒಂದು ವರ್ಷ 18 ಜನ ಹೋದರು, ಇನ್ನೊಂದು ವರ್ಷ 21 ಜನ ಹೋದರು. ಆ ಮೂರು ಹೆಚ್ಚುವರಿ ಸಾವಿಗೆ ಮದ್ದು ಕಾರಣವೋ, ಆ ವರ್ಷ ಪೆಟ್ಟು ಜೋರಾಗಿದ್ದವರು ಹೆಚ್ಚು ಬಂದದ್ದು ಕಾರಣವೋ, ತಡವಾಗಿ ತಂದದ್ದು ಕಾರಣವೋ - ಎಷ್ಟೇ ಜಾಣ ವೈದ್ಯರಿಗೂ ಹೇಳಲು ಬರುವುದಿಲ್ಲ. ಬದುಕಿ ಮನೆಗೆ ಹೋದ ಎಂಬತ್ತು ಜನರ ಮುಖ ಮಾತ್ರ ಕಣ್ಣಿಗೆ ಕಟ್ಟಿರುತ್ತದೆ, "ಸ್ಟೀರಾಯ್ಡ್ ಕೊಟ್ಟೆ, ಉಳಿದುಕೊಂಡ" ಎಂಬ ನಂಬಿಕೆ ಗಟ್ಟಿಯಾಗುತ್ತ ಹೋಗುತ್ತದೆ.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದು ನಮ್ಮ ಹಿರಿಯರು ಹೇಳಿದ್ದು ಇಂಥ ಕಡೆಗೇ ಸರಿಹೊಂದುತ್ತದೆ. ಇಲ್ಲಿ ಪ್ರಮಾಣಿಸುವುದು ಎಂದರೆ ಸಾವಿರಾರು ರೋಗಿಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡುವುದು. ಚೀಟಿ ಯಾಕೆ ಬೇಕು? ವೈದ್ಯರಿಗೇ ಆಯ್ಕೆ ಬಿಟ್ಟರೆ ತೀರಾ ಕಷ್ಟದಲ್ಲಿರುವವರಿಗೆ ಮದ್ದು ಕೊಡುವ ಮನಸ್ಸಾಗಬಹುದು, ಇಲ್ಲವೇ ಉಳಿಯುವ ಲಕ್ಷಣ ಇರುವವರಿಗೆ ಕೊಡಬಹುದು. ಹೇಗೆ ಮಾಡಿದರೂ ತಕ್ಕಡಿ ಒಂದು ಕಡೆಗೆ ವಾಲುತ್ತದೆ. ಚೀಟಿಗೆ ಪಕ್ಷಪಾತ ಗೊತ್ತಿಲ್ಲ. ಎರಡು ಗುಂಪಿನಲ್ಲೂ ಮುದುಕರು, ಹುಡುಗರು, ಜೋರು ಪೆಟ್ಟಿನವರು, ತಡವಾಗಿ ಬಂದವರು ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತಾರೆ. ಆಮೇಲೆ ಉಳಿಯುವ ವ್ಯತ್ಯಾಸ ಮದ್ದಿನದೇ.

ಅಂದಹಾಗೆ, ಇದನ್ನು ಓದಿ ಸ್ಟೀರಾಯ್ಡ್ ಎಂದರೆ ವಿಷ ಎಂದುಕೊಳ್ಳಬೇಡಿ. 2020ರಲ್ಲಿ ಬ್ರಿಟನ್ನಿನ ರಿಕವರಿ ಎಂಬ ಅಧ್ಯಯನ, ಆಮ್ಲಜನಕ ಬೇಕಾಗುವಷ್ಟು ಕಾಯಿಲೆ ಬಿದ್ದ ಕೋವಿಡ್ ರೋಗಿಗಳಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಸಾವನ್ನು ಕಡಿಮೆ ಮಾಡುತ್ತದೆ ಎಂದು ತೋರಿಸಿಕೊಟ್ಟಿತು. ಅದೂ ಚೀಟಿ ಎತ್ತಿದ ಅಧ್ಯಯನವೇ. ಒಂದು ಕಡೆ ಕೊಲ್ಲುವ ಜಾತಿಯ ಮದ್ದು ಇನ್ನೊಂದು ಕಡೆ ಕಾಯುತ್ತದೆ. ಯಾವುದು ಎಲ್ಲಿ ಎಂಬುದನ್ನು ತರ್ಕ ಹೇಳಲಾರದು, ಪರೀಕ್ಷೆ ಹೇಳುತ್ತದೆ.

ಕಡಿಮೆ ಬೆಲೆಯ ಒಂದು ಇಂಜೆಕ್ಷನ್

ಅದೇ ಲಂಡನ್ ತಂಡ, ಇಯಾನ್ ರಾಬರ್ಟ್ಸ್ ಮತ್ತು ಹಲೀಮಾ ಶಕೂರ್ ಅವರ ಮುಂದಾಳತ್ವದಲ್ಲಿ, ಮುಂದೆ ಕೈಗೆತ್ತಿಕೊಂಡದ್ದು ರಕ್ತಸ್ರಾವದ ಪ್ರಶ್ನೆಯನ್ನು. ಅಪಘಾತದಲ್ಲಿ ಗಾಯಗೊಂಡವರಲ್ಲಿ ಎಷ್ಟೋ ಜನ ಸಾಯುವುದು ರಕ್ತ ಹರಿದುಹೋಗಿ. ಗಾಯವಾದಾಗ ನಮ್ಮ ದೇಹ ಅಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುತ್ತದೆ. ಫೈಬ್ರಿನ್ ಎಂಬ ಸಣ್ಣ ಎಳೆಗಳು ಬಲೆಯಂತೆ ಹೆಣೆದುಕೊಂಡು ರಕ್ತವನ್ನು ತಡೆಯುತ್ತವೆ. ವಿಚಿತ್ರವೆಂದರೆ, ಆ ಬಲೆಯನ್ನು ಕರಗಿಸುವ ವ್ಯವಸ್ಥೆಯೂ ದೇಹದಲ್ಲೇ ಇದೆ. ದೊಡ್ಡ ಗಾಯವಾದಾಗ ಕೆಲವರಲ್ಲಿ ಕರಗಿಸುವ ಕೆಲಸವೇ ಅತಿಯಾಗುತ್ತದೆ, ಕಟ್ಟಿದ ಹೆಪ್ಪು ನಿಲ್ಲುವುದಿಲ್ಲ.

ಈ ಕರಗುವಿಕೆಯನ್ನು ತಡೆಯುವ ಮದ್ದು ಟ್ರಾನೆಕ್ಸಾಮಿಕ್ ಆಸಿಡ್. ಮುಟ್ಟಿನ ಸಮಯದ ಅತಿ ರಕ್ತಸ್ರಾವಕ್ಕೆ ವೈದ್ಯರು ಬರೆದುಕೊಡುವ ಮಾತ್ರೆಯಾಗಿ ನಮ್ಮ ಕೆಲವು ಕೇಳುಗ ಸೋದರಿಯರಿಗೆ ಇದರ ಪರಿಚಯ ಇರಬಹುದು. ಇದನ್ನು ಕಂಡುಹಿಡಿದವರು ಜಪಾನಿನ ಉತಾಕೋ ಒಕಾಮೊಟೊ ಮತ್ತು ಅವರ ಪತಿ ಶೊಸುಕೆ ಒಕಾಮೊಟೊ, 1962ರಲ್ಲಿ. ಹೆರಿಗೆಯಾದ ಮೇಲೆ ರಕ್ತ ಹರಿದು ಸಾಯುವ ತಾಯಂದಿರನ್ನು ಉಳಿಸಬೇಕು ಎಂಬುದು ಉತಾಕೋ ಅವರ ಆಸೆಯಾಗಿತ್ತು.

ಹಳೆಯ ಮದ್ದು, ಬೆಲೆ ಕಡಿಮೆ. ಆದರೆ ಅಪಘಾತದ ಗಾಯಾಳುಗಳಿಗೆ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಯಾರೂ ದೊಡ್ಡ ಪ್ರಮಾಣದಲ್ಲಿ ನೋಡಿರಲಿಲ್ಲ. ಬೇಡದ ಕಡೆ ಹೆಪ್ಪುಗಟ್ಟಿ ಹೃದಯಾಘಾತವೋ ಪಾರ್ಶ್ವವಾಯುವೋ ಆದರೆ ಎಂಬ ಭಯವೂ ಇತ್ತು. ಕ್ರ್ಯಾಶ್-2 ಎಂಬ ಅಧ್ಯಯನ ಇದನ್ನೇ ಪರೀಕ್ಷಿಸಿತು. 40 ದೇಶಗಳು, 274 ಆಸ್ಪತ್ರೆಗಳು, 20,211 ಗಾಯಾಳುಗಳು. ನಮಗೆ ಇಲ್ಲೊಂದು ವಿಶೇಷವಿದೆ. ಈ ಅಧ್ಯಯನಕ್ಕೆ ಎಲ್ಲ ದೇಶಗಳಿಗಿಂತ ಹೆಚ್ಚು ರೋಗಿಗಳು ಸೇರಿದ್ದು ಭಾರತದ ಆಸ್ಪತ್ರೆಗಳಲ್ಲಿ, ನಾಲ್ಕೂವರೆ ಸಾವಿರಕ್ಕೂ ಮೇಲೆ.

2010ರಲ್ಲಿ ಫಲಿತಾಂಶ ಬಂತು. ಮದ್ದಿಲ್ಲದವರಲ್ಲಿ ನೂರಕ್ಕೆ 16 ಸಾವು, ಮದ್ದು ಪಡೆದವರಲ್ಲಿ 14.5. ಭಯಪಟ್ಟಿದ್ದಂತೆ ಬೇಡದ ಕಡೆ ಹೆಪ್ಪುಗಟ್ಟುವುದು ಹೆಚ್ಚಾಗಲಿಲ್ಲ. ನೂರಕ್ಕೆ ಒಂದೂವರೆ ಎಂದರೆ ಅಷ್ಟೇನಾ ಎನಿಸಬಹುದು. ಆದರೆ ಸಾವಿರ ಗಾಯಾಳುಗಳಿಗೆ 15 ಪ್ರಾಣ. 2022ರ ಒಂದೇ ವರ್ಷದಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತಿದ್ದಾರೆ ಎಂಬ ಸರ್ಕಾರಿ ಲೆಕ್ಕವನ್ನು ಪಕ್ಕದಲ್ಲಿಟ್ಟು ನೋಡಿದರೆ, ಒಂದು ಅಗ್ಗದ ಇಂಜೆಕ್ಷನ್ನಿನ ಬೆಲೆ ಏನೆಂದು ತಿಳಿಯುತ್ತದೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಗಡಿಯಾರದ ಮುಳ್ಳು

ಕ್ರ್ಯಾಶ್-2ರ ಅಂಕಿಗಳನ್ನು ಮತ್ತೆ ಜಾಲಾಡಿದಾಗ ಇನ್ನೊಂದು ಸತ್ಯ ಹೊರಬಂತು. 2011ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ರಕ್ತಸ್ರಾವದಿಂದ ಆದ ಸಾವುಗಳನ್ನಷ್ಟೇ ತೆಗೆದುಕೊಂಡಿದ್ದರು. ಗಾಯವಾಗಿ ಒಂದು ಗಂಟೆಯೊಳಗೆ ಚಿಕಿತ್ಸೆ ಸಿಕ್ಕವರಲ್ಲಿ ಇಂಥ ಸಾವು ನೂರಕ್ಕೆ 7.7ರಿಂದ 5.3ಕ್ಕೆ ಇಳಿದಿತ್ತು. ಒಂದರಿಂದ ಮೂರು ಗಂಟೆಯೊಳಗಿನವರಲ್ಲಿ 6.1ರಿಂದ 4.8ಕ್ಕೆ. ಮೂರು ಗಂಟೆ ದಾಟಿದ ಮೇಲೆ ಮಾತ್ರ ಲೆಕ್ಕ ತಿರುವುಮುರುವು: ಮದ್ದಿಲ್ಲದವರಲ್ಲಿ 3.1, ಮದ್ದು ಪಡೆದವರಲ್ಲಿ 4.4. ಅದೇ ಮದ್ದು, ಅದೇ ಪ್ರಮಾಣ, ತಡವಾದರೆ ಕೆಡುಕು.

2018ರಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಒಟ್ಟಿಗೆ ನೋಡಿದಾಗ ಇದು ಇನ್ನೂ ಖಚಿತವಾಯಿತು. ಪ್ರತಿ ಹದಿನೈದು ನಿಮಿಷ ತಡವಾದಂತೆ ಮದ್ದಿನ ಪ್ರಯೋಜನ ಹತ್ತರಲ್ಲಿ ಒಂದು ಪಾಲಿನಷ್ಟು ಕುಗ್ಗುತ್ತದೆ, ಮೂರು ಗಂಟೆಯ ಹೊತ್ತಿಗೆ ಏನೂ ಉಳಿಯುವುದಿಲ್ಲ. "ಗಾಯಾಳುವನ್ನು ಬೇಗ ಸಾಗಿಸಿ" ಎಂದು ಎಲ್ಲರೂ ಹೇಳುತ್ತಾರೆ. ಆ "ಬೇಗ" ಎಂಬ ಮಾತಿಗೆ ನಿಮಿಷದ ಲೆಕ್ಕ ಕೊಟ್ಟದ್ದು ಕ್ಯಾಶುವಲ್ಟಿಯ ಸಂಶೋಧನೆ.

ಇಲ್ಲಿ ನಮ್ಮ ಪಾಲಿನ ಕೆಲಸವೂ ಇದೆ. ರಸ್ತೆಯಲ್ಲಿ ಬಿದ್ದವರನ್ನು ಮುಟ್ಟಿದರೆ ಪೊಲೀಸು, ಕೋರ್ಟು ಎಂದು ಹಿಂಜರಿಯುವವರು ಈಗಲೂ ಇದ್ದಾರೆ. ಅಪಘಾತದ ಗಾಯಾಳುವಿಗೆ ಪೊಲೀಸ್ ಕಾಗದಪತ್ರಕ್ಕಾಗಿ ಕಾಯದೆ ಚಿಕಿತ್ಸೆ ಕೊಡುವುದು ಪ್ರತಿಯೊಬ್ಬ ವೈದ್ಯರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ತೀರ್ಪು ಕೊಟ್ಟಿದೆ. ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಲ್ಲಿ ರಕ್ಷಣೆ ಇದೆ. ಅನುಮಾನದಲ್ಲಿ ನಿಂತ ಹದಿನೈದು ನಿಮಿಷಕ್ಕೂ ಬೆಲೆಯಿದೆ ಎಂಬುದು ನೆನಪಿರಲಿ.

ಒಂದು ಕಡೆ ಗೆದ್ದದ್ದು ಎಲ್ಲ ಕಡೆ ಗೆಲ್ಲುವುದಿಲ್ಲ

ಮದ್ದು ಗೆದ್ದಿತು, ಇನ್ನು ಎಲ್ಲ ರಕ್ತಸ್ರಾವಕ್ಕೂ ಕೊಟ್ಟುಬಿಡೋಣ ಎನ್ನಬಹುದಿತ್ತು. ಸಂಶೋಧಕರು ಹಾಗೆ ಮಾಡಲಿಲ್ಲ. ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಬೇರೆ ಅಧ್ಯಯನ ಮಾಡಿದರು. 21 ದೇಶಗಳ 20,060 ತಾಯಂದಿರು ಸೇರಿದ ಅದರ ಫಲಿತಾಂಶ 2017ರಲ್ಲಿ ಬಂತು. ರಕ್ತಸ್ರಾವದ ಸಾವು ನೂರಕ್ಕೆ 1.9ರಿಂದ 1.5ಕ್ಕೆ ಇಳಿದಿತ್ತು, ಮೂರು ಗಂಟೆಯೊಳಗೆ ಕೊಟ್ಟಾಗ ಲಾಭ ಇನ್ನೂ ಹೆಚ್ಚು. ಉತಾಕೋ ಒಕಾಮೊಟೊ ಇದನ್ನು ನೋಡಲು ಇರಲಿಲ್ಲ. 2016ರಲ್ಲಿ, ತಮ್ಮ 98ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಿದ್ದರು.

ತಲೆಯ ಪೆಟ್ಟಿನ ಕುರಿತ ಕ್ರ್ಯಾಶ್-3 ಫಲಿತಾಂಶ 2019ರಲ್ಲಿ ಬಂತು. ಇಲ್ಲಿ ಉತ್ತರ ಅಷ್ಟು ನೇರವಿರಲಿಲ್ಲ. ಎಲ್ಲ ರೋಗಿಗಳನ್ನೂ ಒಟ್ಟಿಗೆ ನೋಡಿದರೆ ವ್ಯತ್ಯಾಸ ಚಿಕ್ಕದು, ಗಟ್ಟಿಯಾಗಿ ಹೇಳುವಂತಿರಲಿಲ್ಲ. ಪೆಟ್ಟು ಅತಿ ತೀವ್ರವಲ್ಲದವರಿಗೆ ಬೇಗ ಕೊಟ್ಟಾಗ ಮಾತ್ರ ಲಾಭ ಕಂಡಿತು.

ಮತ್ತೊಂದು ಅಧ್ಯಯನ ಹೊಟ್ಟೆ ಮತ್ತು ಕರುಳಿನ ರಕ್ತಸ್ರಾವದ ಬಗ್ಗೆ. ರಕ್ತ ವಾಂತಿ ಮಾಡಿಕೊಂಡು ಕ್ಯಾಶುವಲ್ಟಿಗೆ ಬರುವವರಿಗೂ ಇದೇ ಮದ್ದು ಸಹಾಯ ಮಾಡೀತು ಎಂದು ಹಲವರು ಅಂದುಕೊಂಡಿದ್ದರು. 2020ರಲ್ಲಿ 12,009 ರೋಗಿಗಳ ಫಲಿತಾಂಶ ಬಂದಾಗ ಸಾವಿನಲ್ಲಿ ವ್ಯತ್ಯಾಸವೇ ಇರಲಿಲ್ಲ. ಬದಲಿಗೆ ರಕ್ತನಾಳದೊಳಗೆ ಬೇಡದ ಹೆಪ್ಪುಗಟ್ಟುವುದು ನೂರಕ್ಕೆ 0.4ರಿಂದ 0.8ಕ್ಕೆ ಏರಿತ್ತು. ಅಂದರೆ ಲಾಭವಿಲ್ಲ, ತೊಂದರೆ ಮಾತ್ರ ಇದೆ. ಆದ್ದರಿಂದಲೇ ಈ ಲೇಖನ ಓದಿ ಯಾರೂ ಔಷಧಿ ಅಂಗಡಿಗೆ ಹೋಗಿ ತಾವಾಗಿಯೇ ಈ ಮದ್ದು ತರಬೇಡಿ. ಎಲ್ಲಿ, ಯಾರಿಗೆ, ಎಷ್ಟು ಹೊತ್ತಿನೊಳಗೆ ಎಂಬುದು ವೈದ್ಯರು ನಿರ್ಧರಿಸುವ ವಿಷಯ.

ಪ್ರಜ್ಞೆ ಇಲ್ಲದವರ ಒಪ್ಪಿಗೆ

ಈಗ ಕಷ್ಟದ ಪ್ರಶ್ನೆಗೆ ಬರೋಣ. ಸಂಶೋಧನೆಗೆ ಸೇರುವವರು ತಿಳಿದು ಒಪ್ಪಬೇಕು ಎಂಬುದು ಮೂಲ ನಿಯಮ. ಆದರೆ ಕ್ಯಾಶುವಲ್ಟಿಗೆ ಬರುವ ಗಾಯಾಳುವಿಗೆ ಪ್ರಜ್ಞೆಯೇ ಇಲ್ಲ. ಬಂಧುಗಳು ಜೊತೆಗಿಲ್ಲ, ಇದ್ದರೂ ದಿಕ್ಕು ತೋಚದೆ ನಿಂತಿದ್ದಾರೆ. ಕಾಯೋಣ ಎಂದರೆ ಹದಿನೈದು ನಿಮಿಷದ ಲೆಕ್ಕ ಕಾಯುವುದಿಲ್ಲ.

ಕ್ರ್ಯಾಶ್-2ರಲ್ಲಿ ಇದಕ್ಕೆ ಮೆಟ್ಟಿಲು ಮೆಟ್ಟಿಲಾದ ಏರ್ಪಾಡು ಇತ್ತು. ರೋಗಿಗೆ ಮಾತನಾಡುವ ಶಕ್ತಿ ಇದ್ದರೆ ಅವರನ್ನೇ ಕೇಳುವುದು. ಇಲ್ಲದಿದ್ದರೆ ಬಂಧುಗಳನ್ನು ಅಥವಾ ಪ್ರತಿನಿಧಿಯನ್ನು ಕೇಳುವುದು. ಯಾರೂ ಇಲ್ಲದಾಗ, ಆಯಾ ಊರಿನ ನೀತಿ ಸಮಿತಿ ಮತ್ತು ಕಾನೂನು ಅನುಮತಿ ಕೊಟ್ಟ ಕಡೆ ಮಾತ್ರ ಮೊದಲು ಸೇರಿಸಿಕೊಂಡು, ಆಮೇಲೆ ರೋಗಿಗೆ ತಿಳಿಸಿ ಒಪ್ಪಿಗೆ ಕೇಳುವುದು.

ಇದರಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಗಾಬರಿಯಲ್ಲಿ ಹಾಕಿದ ಸಹಿ ಎಷ್ಟರ ಮಟ್ಟಿಗೆ ಒಪ್ಪಿಗೆ ಎಂಬುದು ಗಂಭೀರವಾದ ಪ್ರಶ್ನೆ. ಬಡವರು, ಅಕ್ಷರ ಬಾರದವರು, ಪರವೂರಿನಿಂದ ಬಂದವರು ಇಲ್ಲಿ ಹೆಚ್ಚು ಅಸಹಾಯಕರು. ಅದಕ್ಕಾಗಿಯೇ ನಮ್ಮ ದೇಶದಲ್ಲಿ ನಿಯಮಗಳು ಕ್ರಮೇಣ ಬಿಗಿಯಾಗಿವೆ. ಔಷಧ ಪರೀಕ್ಷೆಗಳ ವಿವರಗಳನ್ನು ಎಲ್ಲರೂ ನೋಡುವಂತೆ ದಾಖಲಿಸುವ ರಾಷ್ಟ್ರೀಯ ನೋಂದಣಿ, ಸಿಟಿಆರ್‌ಐ, 2007ರಲ್ಲಿ ಶುರುವಾಯಿತು. 2019ರಲ್ಲಿ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಬಂದವು. ಪರೀಕ್ಷೆಯಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಕೊಡಬೇಕು ಎಂಬುದೂ ಅವುಗಳಲ್ಲಿ ಸೇರಿದೆ.

ಹಾಗೆಂದು ಇಂಥ ಸಂಶೋಧನೆಯನ್ನೇ ನಿಲ್ಲಿಸಿದರೆ? ಅಸಹಾಯಕರನ್ನು ಕಾಪಾಡಿದಂತೆ ಕಾಣುತ್ತದೆ, ನಿಜ. ಆದರೆ ಆ ಮೂವತ್ತು ವರ್ಷ ಸ್ಟೀರಾಯ್ಡ್ ಪಡೆದವರನ್ನು ಯಾರೂ ಒಪ್ಪಿಗೆ ಕೇಳಲಿಲ್ಲ. ಅವರು ಯಾವ ಪ್ರಯೋಗದಲ್ಲೂ ಇರಲಿಲ್ಲ, "ಗೊತ್ತಿರುವ ಚಿಕಿತ್ಸೆ"ಯನ್ನೇ ಪಡೆದಿದ್ದರು. ಅವರ ಮೇಲೆ ಲೆಕ್ಕವಿಡದ ಒಂದು ದೊಡ್ಡ ಪ್ರಯೋಗವೇ ನಡೆದುಹೋಯಿತು, ಅಷ್ಟೆ.

ಕಾಗದ ಕೈಗೆ ಬಂದಾಗ

ಹಾಗಾದರೆ ನಿಮ್ಮ ಮುಂದೆ ಇಂಥ ಕಾಗದ ಬಂದರೆ ಏನು ಮಾಡಬೇಕು? ಕೆಲವು ಮಾತು ನೆನಪಿಟ್ಟುಕೊಳ್ಳಿ.

ಮೊದಲನೆಯದು, ಎರಡು ಬಗೆಯ ಕಾಗದಗಳಿವೆ. ಒಂದು ಆಪರೇಷನ್ ಅಥವಾ ಚಿಕಿತ್ಸೆಗೆ ಒಪ್ಪಿಗೆ. ಇನ್ನೊಂದು ಸಂಶೋಧನೆಗೆ ಒಪ್ಪಿಗೆ. "ಇದು ಯಾವುದು?" ಎಂದು ಮೊದಲೇ ಕೇಳಿ.

ಎರಡನೆಯದು, ನಿಮಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸುವುದು ಅವರ ಹೊಣೆ. ಮರಾಠಿ, ಇಂಗ್ಲಿಷ್ ಬಾರದಿದ್ದರೆ ಸಂಕೋಚ ಬೇಡ, "ಕನ್ನಡ ಬಲ್ಲವರನ್ನು ಕರೆಯಿರಿ" ಎನ್ನಿ. ನಮ್ಮ ಊರಿನ ನರ್ಸ್‌ಗಳು, ಡಾಕ್ಟರುಗಳು ಈ ನಗರದಲ್ಲಿ ಕಡಿಮೆಯಿಲ್ಲ. ಓದಲು ಬಾರದವರಾದರೆ, ಸಂಶೋಧನೆಗೆ ಸಂಬಂಧಪಡದ ಸಾಕ್ಷಿಯೊಬ್ಬರು ಇರಬೇಕು.

ಮೂರನೆಯದು, ಬೇಡ ಎನ್ನುವ ಹಕ್ಕು ಇದೆ. ಒಪ್ಪಿ ಆಮೇಲೆ ಹಿಂದೆ ಸರಿಯುವ ಹಕ್ಕೂ ಇದೆ. ಎರಡರಿಂದಲೂ ಮಾಮೂಲಿ ಚಿಕಿತ್ಸೆಗೆ ಕೊರತೆ ಆಗುವಂತಿಲ್ಲ.

ನಾಲ್ಕನೆಯದು, ಕೇಳಬೇಕಾದ ಪ್ರಶ್ನೆಗಳು: ಮಾಮೂಲಿ ಚಿಕಿತ್ಸೆಯ ಜೊತೆಗೆ ಇದನ್ನು ಕೊಡುತ್ತೀರೋ, ಬದಲಿಗೆ ಕೊಡುತ್ತೀರೋ? ಆಗಬಹುದಾದ ತೊಂದರೆ ಏನು? ನೀತಿ ಸಮಿತಿ ಒಪ್ಪಿದೆಯೇ? ಸಿಟಿಆರ್‌ಐ ಸಂಖ್ಯೆ ಎಷ್ಟು? ಸಹಿ ಮಾಡಿದ ಕಾಗದದ ಒಂದು ಪ್ರತಿಯನ್ನು ಕೇಳಿ ಇಟ್ಟುಕೊಳ್ಳಿ.

ಐದನೆಯದು ರೂಮಿನ ಜೊತೆಗಾರರಿಗೆ. ರೋಗಿಯ ಪರವಾಗಿ ಸಂಶೋಧನೆಗೆ ಒಪ್ಪಿಗೆ ಕೊಡಬೇಕಾದವರು ಕಾನೂನು ಒಪ್ಪುವ ಪ್ರತಿನಿಧಿ. ನೀವು ಅಂಥವರಲ್ಲದಿದ್ದರೆ ಸುಮ್ಮನೆ ಸಹಿ ಹಾಕಬೇಡಿ, ಊರಿನ ಮನೆಯವರಿಗೆ ಫೋನ್ ಹಚ್ಚಿ ಡಾಕ್ಟರ ಜೊತೆ ಮಾತನಾಡಿಸಿ. ಇದಕ್ಕಾಗಿ ಒಂದು ಸಣ್ಣ ಕೆಲಸವನ್ನು ಇವತ್ತೇ ಮಾಡಿಟ್ಟುಕೊಳ್ಳಬಹುದು. ಒಂದೇ ರೂಮಿನಲ್ಲಿರುವವರು ಒಬ್ಬರ ಮನೆಯ ಫೋನ್ ನಂಬರನ್ನು ಇನ್ನೊಬ್ಬರು ಬರೆದಿಟ್ಟುಕೊಳ್ಳಿ. ರಕ್ತದ ಗುಂಪು, ತೆಗೆದುಕೊಳ್ಳುವ ಮಾತ್ರೆ, ಆಗದ ಔಷಧಿ ಯಾವುದಾದರೂ ಇದ್ದರೆ ಅದೂ ಪಕ್ಕದಲ್ಲಿರಲಿ. ಚೀಟಿಯೊಂದು ಪರ್ಸಿನಲ್ಲಿದ್ದರೆ ಇನ್ನೂ ಒಳ್ಳೆಯದು, ಫೋನಿಗೆ ಬೀಗ ಇರುತ್ತದಲ್ಲ!

ಒಪ್ಪುವುದೋ ಬಿಡುವುದೋ ನಿಮ್ಮ ವಿವೇಚನೆಗೆ ಬಿಟ್ಟದ್ದು. ಆದರೆ ಇಂದು ಗಾಯಾಳುವಿನ ತೋಳಿಗೆ ಆ ಇಂಜೆಕ್ಷನ್ ಚುಚ್ಚುವ ವೈದ್ಯರಿಗೆ ಧೈರ್ಯ ಬಂದದ್ದು ಇಪ್ಪತ್ತು ಸಾವಿರ ಅಪರಿಚಿತರಿಂದ. ಅವರಲ್ಲಿ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಜನ ಭಾರತದ ಕ್ಯಾಶುವಲ್ಟಿಗಳಿಗೆ ಬಂದವರು. ಅರ್ಧದಷ್ಟು ಜನಕ್ಕೆ ಮದ್ದೇ ಸಿಕ್ಕಿರಲಿಲ್ಲ. ಅವರ ಹೆಸರು ನಮಗೆ ಯಾರಿಗೂ ಗೊತ್ತಿಲ್ಲ.

ಈ ಬಗ್ಗೆ ನಿಮ್ಮ ಅನುಭವ, ಪ್ರಶ್ನೆಗಳಿದ್ದರೆ ಬರೆದು ಕಳಿಸಿ. ಕಾರ್ಯಕ್ರಮದಲ್ಲಿ ವೈದ್ಯರೊಬ್ಬರನ್ನು ಕರೆಸಿ ಉತ್ತರ ಹೇಳಿಸೋಣ. ಅಲ್ಲಿಯವರೆಗೆ ರಸ್ತೆ ದಾಟುವಾಗ ಎರಡೂ ಕಡೆ ನೋಡಿ, ಲೋಕಲ್ಲಿನ ಬಾಗಿಲಲ್ಲಿ ಜೋತಾಡಬೇಡಿ.